ಅಜ್ಜಿಯ ಹೇಸಿಗೆ

ತಳ್ಳುಗಾಡಿಯ ಮೇಲೆ ಮಾರದೆ ಉಳಿದು ಹುಳಿಯತೊಡಗಿದ ಕಪ್ಪು ದ್ರಾಕ್ಷಿಯ ವಾಸನೆ ಬಂದರೆ ನನಗೆ ಇಂದಿಗೂ ಹೊಟ್ಟೆ ತೊಳಸುತ್ತದೆ. ಹಣ್ಣಿನದೇನೂ ತಪ್ಪಿಲ್ಲ. ಎಂಬತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ಮನೆಯ ಅಡುಗೆಮನೆಯಲ್ಲಿ ತಿಂಗಳಿಗೊಮ್ಮೆ ಆ ವಾಸನೆ ತುಂಬಿಕೊಳ್ಳುತ್ತಿತ್ತು. ತಿಂಗಳ ಮೊದಲ ಭಾನುವಾರ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಇರುತ್ತಿತ್ತು. ಅದಕ್ಕೆ ಬೇಕಾದ ದ್ರಾಕ್ಷಾರಸ ಮಾಡುತ್ತಿದ್ದವಳು ನನ್ನ ಅಜ್ಜಿ. ಹಣ್ಣನ್ನು ಒಂದೊಂದಾಗಿ ಬಿಡಿಸಿ, ಲವಂಗ ಹಾಕಿ ಕುದಿಸಿ, ತಾತನ ಹಳೇ ಪಂಚೆಯ ತುಂಡಿನಲ್ಲಿ ಹಿಂಡುವಳು. ಅವಳ ಉಗುರಿನ ಸಂದಿಯ ನೇರಳೆ ಬಣ್ಣ ವಾರವಾದರೂ ಹೋಗುತ್ತಿರಲಿಲ್ಲ. ಆ ವಾಸನೆಯ ಜೊತೆಗೆ ಕೆಂಪು ಗಾರೆಯ ನೆಲ, ಹಿತ್ತಲಿನ ಒಗೆಯುವ ಕಲ್ಲು, ವೆರಾಂಡದ ಬೆತ್ತದ ಕುರ್ಚಿ ಎಲ್ಲವೂ ಒಮ್ಮೆಲೇ ಎದ್ದು ಬರುತ್ತವೆ. ಬೆನ್ನಿಗೇ ಆ ಸಭೆಯ ಒಳ್ಳೆಯ ಜನರ ಮುಖಗಳೂ ಬರುತ್ತವೆ. ಹೊಟ್ಟೆ ತೊಳಸುವುದು ಆಗ.

ನಮ್ಮದು ಮೂಲತಃ ಕೆಂಗೇರಿ ಕಡೆಯ ಬೇಸಾಯದ ಮನೆತನ. ತಾತನ ತಂದೆಯ ಕಾಲಕ್ಕೆ ನಾವು ಕ್ರೈಸ್ತರಾದೆವು. ದೇವರು ಬದಲಾದರೂ ನೀರು ಕುಡಿಯುವ ರೀತಿ ಬದಲಾಗಲಿಲ್ಲ. ಮನೆಯಲ್ಲಿ ಯಾರೂ ಲೋಟ ಕಚ್ಚಿ ಕುಡಿಯುವಂತಿರಲಿಲ್ಲ, ಎತ್ತಿಯೇ ಕುಡಿಯಬೇಕು. ಎಂಜಲಿನ ವಿಷಯದಲ್ಲಿ ಅಜ್ಜಿಯಂತೂ ಹುಚ್ಚಿಯ ಹಾಗೆ ಆಡುತ್ತಿದ್ದಳು. ನಾನು ಕಚ್ಚಿದ ಸೀಬೆಹಣ್ಣನ್ನು ಪ್ರೀತಿಯಿಂದ ಅವಳ ಬಾಯಿಗೆ ಹಿಡಿದರೆ ಮುಖ ತಿರುಗಿಸಿ, 'ನೀನೇ ತಿನ್ನು ಮಗಾ, ನಂಗೆ ವಾಂತಿ ಬರುತ್ತೆ' ಎನ್ನುವಳು. ಅಂಥವಳು ಸಭೆಯ ಒಂದೇ ಬೆಳ್ಳಿ ಬಟ್ಟಲಿಗೆ ಎಲ್ಲರ ಜೊತೆ ಬಾಯಿ ಇಡುತ್ತಿದ್ದಳು. ಹೇಗೆಂದು ಕೇಳಿದರೆ, 'ಹೆಂಗಸರ ಸಾಲೇ ಮೊದಲು, ಅದ್ರಲ್ಲೂ ನಾನೇ ಮುಂದೆ ನಿಲ್ತೀನಲ್ಲೇ' ಎಂದು ನಕ್ಕುಬಿಡುತ್ತಿದ್ದಳು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಲಗ್ಗೆರೆ ಕಡೆಯಿಂದ ಕೆಲವು ಸಂಸಾರಗಳು ನಮ್ಮ ಸಭೆಗೆ ಬರತೊಡಗಿದವು. ಅವರ ಪೈಕಿ ಚಿನ್ನಮ್ಮ ಎಂಬಾಕೆ ಕಾರ್ಪೊರೇಷನ್ನಿನಲ್ಲಿ ರಸ್ತೆ ಗುಡಿಸುತ್ತಿದ್ದಳು, ಗಂಡ ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದ. ಮಾಗಡಿ ಕಡೆಯವಳು. ದಪ್ಪ ದನಿ, ಎಲೆ ಅಡಿಕೆಯಿಂದ ಕೆಂಪಾದ ತುಟಿ. ಕೀರ್ತನೆ ಹಾಡುವಾಗ ಅವಳ ಧ್ವನಿ ಹಾರ್ಮೋನಿಯಂ ಅನ್ನೂ ಮುಳುಗಿಸುತ್ತಿತ್ತು. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ನಾವೆಲ್ಲ ಒಂದೇ ಮೈಯ ಅಂಗಗಳು ಎಂದು ಪ್ರಸಂಗ ಮಾಡಿದರೆ ಎಲ್ಲರೂ ಆಮೆನ್ ಎನ್ನುತ್ತಿದ್ದರು. ಬಟ್ಟಲು ಹೊರಬಂದಾಗ ಮಾತ್ರ ಅದೇ ಜನ ಚಿನ್ನಮ್ಮನಿಗಿಂತ ಮುಂದೆ ನಿಲ್ಲಲು ಒಬ್ಬರನ್ನೊಬ್ಬರು ತಳ್ಳುತ್ತಿದ್ದರು. ಹಿಂದೆ ಸಿಕ್ಕಿಕೊಂಡವರು ತುಟಿ ತಾಗಿಸಿದಂತೆ ಮಾಡಿ, ಬೆಂಚಿಗೆ ಬಂದು ಕರ್ಚೀಫಿನಿಂದ ಬಾಯಿ ಉಜ್ಜಿಕೊಳ್ಳುತ್ತಿದ್ದರು. ಉಜ್ಜಿಕೊಂಡು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಮಕ್ಕಳಿಗೆ ಭೋಜನ ಇಲ್ಲದ್ದರಿಂದ ನಾನು ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದೆ.

ಆಮೇಲೆ ಒಂದು ಸಂಜೆ ಸಭೆಯ ಹಿರಿಯರು ನಮ್ಮ ಮನೆಯ ಹಾಲಿನಲ್ಲಿ ಸೇರಿದರು. ತಾತನೂ ಒಬ್ಬ ಹಿರಿಯ. ಮಾತು ಎತ್ತಿದವರು ಗ್ರೇಸ್ ಆಂಟಿ. ಯಾರ ಮನೆಯಲ್ಲಿ ಕಾಯಿಲೆಯಾದರೂ ಫ್ಲಾಸ್ಕಿನಲ್ಲಿ ಗಂಜಿ ಹಿಡಿದು ಓಡುವ ಹೆಂಗಸು ಆಕೆ. 'ಜಾತಿ ಗೀತಿ ಏನಿಲ್ಲಪ್ಪ ನಮಗೆ. ಹೈಜೀನ್ ಅಷ್ಟೇ. ಆಕೆ ಪಾಪ ಚರಂಡಿ ಕೆಲಸ ಮಾಡ್ತಾಳೆ, ಬಾಯಲ್ಲಿ ಎಲೆ ಅಡಿಕೆ ಬೇರೆ' ಎಂದರು. ಎಲ್ಲರೂ ಪ್ರೀತಿಯಿಂದ ತಲೆಯಾಡಿಸಿದರು. ಲಗ್ಗೆರೆಯವರು ಕೊನೆಯಲ್ಲಿ ಬರಲಿ ಎಂದು ತೀರ್ಮಾನವಾಯಿತು. ಅದನ್ನು ಅವರಿಗೆ ನೋವಾಗದಂತೆ ತಿಳಿಸಬೇಕೆಂದೂ ತೀರ್ಮಾನವಾಯಿತು. ನನಗೆ ಇವತ್ತಿಗೂ ಅಸಹ್ಯವಾಗುವುದು ಈ ಎರಡನೆಯ ತೀರ್ಮಾನ.

ಕಾಫಿ ಲೋಟಗಳನ್ನು ಎತ್ತಿಕೊಳ್ಳುತ್ತಿದ್ದ ಅಜ್ಜಿ ಅಲ್ಲೇ ನಿಂತಳು. 'ನಂಗೂ ಹೇಸಿಗೆ ಆಗುತ್ತೆ ಗ್ರೇಸ್. ಚಿನ್ನಮ್ಮನ ಎಂಜಲು ಅಂದ್ರೂ ಆಗುತ್ತೆ, ನಿನ್ನ ಎಂಜಲು ಅಂದ್ರೂ ಆಗುತ್ತೆ. ಹೈಜೀನು ಅಂತ ಯಾಕೆ ಸುಳ್ಳು ಹೇಳ್ತೀಯಾ? ಅವಳು ಬರೋಕೆ ಮುಂಚೆ ಎಲ್ಲಿತ್ತು ಅದು?' ಎಂದಳು. ತಾತ ಗದರಿದರು. ಅಜ್ಜಿ ಟ್ರೇ ಹಿಡಿದು ಒಳಗೆ ಹೋದಳು.

ಮುಂದಿನ ಭೋಜನದ ದಿನ ಅಜ್ಜಿ ಹೆಂಗಸರ ಸಾಲಿನಲ್ಲಿ ಎದ್ದು ನಿಲ್ಲಲಿಲ್ಲ. ಅಮ್ಮ ಮೊಣಕೈಯಿಂದ ತಿವಿದರೂ ಕೂತೇ ಇದ್ದಳು. ಲಗ್ಗೆರೆಯವರೆಲ್ಲ ಹೋಗಿ, ಕಟ್ಟಕಡೆಗೆ ಚಿನ್ನಮ್ಮ ಕುಡಿದಾಗ ಎದ್ದು ಅವಳ ಹಿಂದೆ ನಿಂತಳು. ಅಯ್ಯನವರ ಪಕ್ಕದಲ್ಲಿ ಬಿಳಿ ಬಟ್ಟೆ ಹಿಡಿದು ಬಟ್ಟಲಿನ ಅಂಚು ಒರೆಸುವುದು ತಾತನ ಕೆಲಸ. ತಾತ ಒರೆಸಿದರು, ಅಜ್ಜಿಯ ಮುಖ ನೋಡಿ ಮತ್ತೆ ಒರೆಸಿದರು. 'ಸಾಕು ಬಿಡ್ರಿ, ಬೆಳ್ಳಿ ಸವೀತದೆ' ಎಂದಳು ಅಜ್ಜಿ. ಕುಡಿಯುವಾಗ ಅವಳ ಗಂಟಲು ಉಬ್ಬಿ ಇಳಿದದ್ದು, ಕಣ್ಣಲ್ಲಿ ನೀರು ಬಂದದ್ದು ನನಗೆ ಕಂಡಿತು. ಭಕ್ತಿಯ ಕಣ್ಣೀರಲ್ಲ ಅದು. ವಾಕರಿಕೆಯನ್ನು ನುಂಗಿಕೊಂಡಿದ್ದಳು.

ಅಂದಿನಿಂದ ತಾತ ಅಜ್ಜಿಯೊಡನೆ ಮಾತು ಬಿಟ್ಟರು. 'ಪುಟ್ಟಿ, ನಿಮ್ಮಜ್ಜಿಗೆ ಹೇಳು, ಸಾರಿಗೆ ಉಪ್ಪು ಕಮ್ಮಿ' ಎಂದು ನನ್ನ ಮೂಲಕವೇ ಎಲ್ಲ. ಅಜ್ಜಿ ಮಾತ್ರ ಬಿಡಲಿಲ್ಲ, ಪ್ರತಿ ತಿಂಗಳೂ ಕೊನೆಗೇ ನಿಂತಳು. ಅಮ್ಮನೂ ಅವಳ ಹಿಂದೆ ನಿಲ್ಲತೊಡಗಿದಳು. ಇನ್ನೂ ಒಬ್ಬಿಬ್ಬರು ಮುದುಕಿಯರು ಬಂದರು. ಹಿರಿಯನ ಹೆಂಡತಿ, ಸೊಸೆಯೇ ಹೀಗೆ ನಿಂತ ಮೇಲೆ ಸಾಲಿಗೆ ಅರ್ಥವೇ ಉಳಿಯಲಿಲ್ಲ. ಆಗ ಗ್ರೇಸ್ ಆಂಟಿ ತಮ್ಮ ಖರ್ಚಿನಲ್ಲೇ ಹೆಬ್ಬೆರಳು ಗಾತ್ರದ ಗಾಜಿನ ಲೋಟಗಳನ್ನು ತರಿಸಿಕೊಟ್ಟರು. ಎಲ್ಲರಿಗೂ ಬೇರೆ ಬೇರೆ. ಬೆಳ್ಳಿ ಬಟ್ಟಲು ಬೀರು ಸೇರಿತು. ಸಭೆ ಚಪ್ಪಾಳೆ ತಟ್ಟಿ ಆಕೆಗೆ ವಂದನೆ ಹೇಳಿತು.

ಆ ಭಾನುವಾರ ಲೋಟಗಳ ತಟ್ಟೆ ತನ್ನ ಮುಂದೆ ಬಂದಾಗ ಚಿನ್ನಮ್ಮ ಕೈ ಚಾಚಲಿಲ್ಲ. ಆರಾಧನೆ ಮುಗಿದ ಮೇಲೆ ಬಾಗಿಲ ಬಳಿ ಅಯ್ಯನವರು ಅವಳನ್ನು ತಡೆದು, 'ಎಲ್ಲರಿಗೂ ಒಂದೇ ಥರದ ಲೋಟ ತಾನೇ ಚಿನ್ನಮ್ಮ, ಬೇಜಾರು ಯಾಕೆ?' ಎಂದರು.

'ನಮ್ಮೂರ ಹೋಟ್ಲಲ್ಲಿ ನಮ್ಗೇ ಅಂತ ಬೇರೆ ಲೋಟ ಇಟ್ಟಿದ್ರು ಅಯ್ನೋರೆ. ಅದನ್ನ ಮುಟ್ಟಲ್ಲ ಅಂತ್ಲೇ ನಮ್ಮಪ್ಪ ಈ ದೇವ್ರ ಹತ್ರ ಬಂದಿದ್ದು. ಇಲ್ಲಿಗೆ ಈ ಲೋಟ ಯಾರ ದೆಸೆಯಿಂದ ಬಂತು ಅಂತ ನಂಗೊತ್ತಿಲ್ವಾ?' ಎಂದಳು ಚಿನ್ನಮ್ಮ. ಅವಳ ದನಿ ಏರಲಿಲ್ಲ. ಲಗ್ಗೆರೆಯವರು ಮತ್ತೆ ನಮ್ಮ ಸಭೆಗೆ ಬರಲಿಲ್ಲ. ಅವರಲ್ಲೇ ಒಬ್ಬರ ಮನೆಯಲ್ಲಿ ಸೇರುತ್ತಾರಂತೆ ಎಂದು ಸುದ್ದಿ ಬಂತು. ಅವರ ಬೆಂಚುಗಳ ಮೇಲೆ ನಮ್ಮವರು ಛತ್ರಿ, ಬ್ಯಾಗು ಇಡತೊಡಗಿದರು. ಕೀರ್ತನೆ ಸಪ್ಪೆಯಾಯಿತು. ಅದು ಯಾರ ಗಮನಕ್ಕೂ ಬಂದಂತೆ ಕಾಣಲಿಲ್ಲ.

ಆ ವರ್ಷ ಶುಭ ಶುಕ್ರವಾರದ ಮಧ್ಯಾಹ್ನ, ತಾತ ಆರಾಧನೆಗೆ ಹೋದ ಮೇಲೆ, ಅಜ್ಜಿ ನನ್ನ ಕೈ ಹಿಡಿದು ಲಗ್ಗೆರೆಗೆ ಹೊರಟಳು. ಬಸ್ಸಿಳಿದು, ದಾರಿ ಕೇಳಿಕೊಂಡು ಹೋದರೆ ಶೀಟಿನ ಮನೆ, ಒಳಗೆ ಬೇಯುವಂಥ ಸೆಕೆ, ಮೈಗೆ ಮೈ ತಾಗಿಸಿ ಕೂತ ಜನ. ಅಜ್ಜಿಯನ್ನು ಕಂಡು ಚಿನ್ನಮ್ಮ ಅರ್ಧ ಎದ್ದಳು, ಮತ್ತೆ ಕೂತಳು. 'ಯಾಕಮ್ಮಾ ಬಂದ್ರಿ? ನಿಮ್ ಯಜಮಾನ್ರು ಬೈತಾರೆ' ಎಂದಳು.

'ಬೈಯೋಕಾದ್ರೂ ಬಾಯಿ ಬಿಡಲಿ. ಜರುಗೇ' ಎಂದು ಅಜ್ಜಿ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಅಲ್ಲೂ ಅವತ್ತು ಭೋಜನವಿತ್ತು; ಬಟ್ಟಲಿಲ್ಲದ್ದರಿಂದ ದ್ರಾಕ್ಷಾರಸದ ಒಂದು ದೊಡ್ಡ ಸ್ಟೀಲ್ ಲೋಟ ಕೈಯಿಂದ ಕೈಗೆ ಬಂತು. ಒರೆಸುವ ಬಟ್ಟೆ ಅಲ್ಲಿರಲಿಲ್ಲ. ಚಿನ್ನಮ್ಮ ಕುಡಿದು ಅಜ್ಜಿಗೆ ಕೊಟ್ಟಳು, ಅಜ್ಜಿ ಕುಡಿದು ಮುಂದಿನವರಿಗೆ ಕೊಟ್ಟಳು. ಮನೆಗೆ ಬರುವಾಗ ದಾರಿಯಲ್ಲೇ ಚರಂಡಿ ಪಕ್ಕ ಕೂತು ವಾಂತಿ ಮಾಡಿಕೊಂಡಳು. ನಾನು ಹೆದರಿ ಅತ್ತೆ.

'ಅಷ್ಟು ಹೇಸಿಗೆ ಆದ್ರೆ ಯಾಕಜ್ಜಿ ಕುಡೀತೀಯಾ?'

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. 'ಹೇಸಿಗೆ ನನ್ನದು ಕಣೇ. ಅದಕ್ಕೆ ಅವಳು ಯಾಕೆ ಎದ್ದು ಹೋಗ್ಬೇಕು?'

ಅದಾದ ಮೇಲೂ ತಾತನ ಬೈಗುಳ ತಿನ್ನುತ್ತಲೇ ಅಜ್ಜಿ ಆಗಾಗ ಲಗ್ಗೆರೆಗೆ ಹೋಗಿಬರುತ್ತಿದ್ದಳು. ಹೇಸಿಗೆ ಅವಳನ್ನು ಬಿಟ್ಟಿತೋ ಇಲ್ಲವೋ ನನಗೆ ತಿಳಿಯದು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೆಳಿಗ್ಗೆ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಾ ಕುಸಿದವಳು ಏಳಲಿಲ್ಲ. ಸಭೆಯವರು ಇಸ್ತ್ರಿ ಬಟ್ಟೆಯಲ್ಲಿ ಬಂದು ಕುರ್ಚಿಗಳಲ್ಲಿ ಕೂತು ಮೆಲ್ಲಗೆ ಪಿಸುಗುಟ್ಟಿದರು. ಅಜ್ಜಿ ಎಲ್ಲರನ್ನೂ ಪ್ರೀತಿಸುತ್ತಿದ್ದಳು ಎಂದು ಒಬ್ಬರ ನಂತರ ಒಬ್ಬರು ಹೇಳಿದರು. ಕೇಳಿ ಕೇಳಿ ನನಗೆ ಮೈಯೆಲ್ಲ ಅಂಟಂಟಾದಂತೆ ಎನಿಸಿತು. ಅಷ್ಟರಲ್ಲಿ ಚಿನ್ನಮ್ಮ ಬಂದಳು, ಕೆಲಸದ ಸೀರೆಯಲ್ಲೇ. ಶವಪೆಟ್ಟಿಗೆಯ ಪಕ್ಕ ಕೂತು, ಅಜ್ಜಿಯ ಕೆನ್ನೆ ಎರಡೂ ಕೈಯಲ್ಲಿ ಹಿಡಿದು, ಹಾಡಿಕೊಂಡು ಗಟ್ಟಿಯಾಗಿ ಅತ್ತಳು. ಗ್ರೇಸ್ ಆಂಟಿ ತಾತನ ಬಳಿ ಬಗ್ಗಿ, 'ವಿಶ್ವಾಸಿಗಳ ಮನೇಲಿ ಹೀಗೆಲ್ಲ ಅಳಬಾರ್ದು ಅಣ್ಣ, ಸ್ವಲ್ಪ ಹೇಳಿ' ಎಂದರು.

'ಅಳಲಿ ಬಿಡಮ್ಮ' ಎಂದರು ತಾತ. 'ಇಷ್ಟು ಜನ ಇದೀವಿ, ಬೇರೆ ಯಾರಿಗೂ ಅಳು ಬರ್ತಾ ಇಲ್ಲ.'

ಆ ಸಭೆ ಈಗಲೂ ಇದೆ, ದೊಡ್ಡ ಕಟ್ಟಡವಾಗಿದೆ. ವರ್ಷಕ್ಕೊಮ್ಮೆ ಐಕ್ಯತೆಯ ಭಾನುವಾರ ಆಚರಿಸಿ ಬ್ಯಾನರ್ ಕಟ್ಟುತ್ತಾರೆ. ನಾನು ಒಂದು ಸಲ ಹೋಗಿ ಅರ್ಧಕ್ಕೇ ಎದ್ದು ಬಂದೆ. ನಮ್ಮ ಮನೆ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ತಾತ ಕೊನೆಯ ವರ್ಷಗಳಲ್ಲಿ ವೆರಾಂಡದಲ್ಲಿ ಕೂತು, 'ಲಗ್ಗೆರೆಗೆ ಒಂದ್ಸಲ ಹೋಗ್ಬರೋಣ ಪುಟ್ಟಿ' ಎನ್ನುತ್ತಿದ್ದರು. 'ಯಾವಾಗ ತಾತ?' ಎಂದು ಕೇಳಿದರೆ, 'ಬಿಸಿಲು ಇಳೀಲಿ' ಎನ್ನುತ್ತಿದ್ದರು. ಬಿಸಿಲು ಇಳಿದ ಮೇಲೂ ಎದ್ದು ಹೊರಡುತ್ತಿರಲಿಲ್ಲ, ರಸ್ತೆಯ ಕಡೆ ನೋಡುತ್ತಾ ಅಲ್ಲೇ ಕೂತಿರುತ್ತಿದ್ದರು.