ಕರುವಿಗೆ ಸಿಗದ ಗಿಣ್ಣು ಹಾಲು

ಪತ್ರಿಕೆಯ ಡೆಸ್ಕಿನಲ್ಲಿ ಇಷ್ಟು ವರ್ಷ ದುಡಿದು ಒಂದು ಅಭ್ಯಾಸ ಅಂಟಿಕೊಂಡಿದೆ. ಏನೇ ನಡೆದರೂ ಎಷ್ಟು ಗಂಟೆಗೆ ನಡೆಯಿತೆಂದು ಗುರುತು ಮಾಡಿಕೊಳ್ಳುತ್ತೇನೆ. ಹಾಗಾಗಿ ನಮ್ಮ ಕೊಟ್ಟಿಗೆಯಲ್ಲಿ ಆ ಹೆಣ್ಣುಗರು ಹುಟ್ಟಿದ ದಿನದ ಲೆಕ್ಕ ನನ್ನಲ್ಲಿ ಸ್ಪಷ್ಟವಾಗಿದೆ.

ಬೆಳಿಗ್ಗೆ ಏಳೂಕಾಲಿಗೆ ಹಸು ಈದಿತು. ನಮ್ಮೂರು ದೊಡ್ಡಬಳ್ಳಾಪುರದಿಂದ ಘಾಟಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿದೆ. ವಾರದ ರಜೆಗೆ ಹೋಗಿದ್ದವನು ಅಂದು ಮಧ್ಯಾಹ್ನದ ಮೇಲೆ ಬೆಂಗಳೂರಿಗೆ ಹೊರಡಬೇಕಿತ್ತು. ಅಣ್ಣ ದೊಡ್ಡಬಳ್ಳಾಪುರದ ಫ್ಯಾಕ್ಟರಿಗೆ ಮೊದಲ ಶಿಫ್ಟಿಗೆ ಹೋಗಿಯಾಗಿತ್ತು. ಹಸುವನ್ನು ಸಾಕಿದವರು ಅತ್ತಿಗೆ. ಹಿಂದಿನ ಎರಡು ಸೂಲೂ ಗಂಡಾಗಿದ್ದವು. ಈ ಸಲ ಹೆಣ್ಣಾದರೆ ಕೊಡುವುದಿಲ್ಲ, ನಾನೇ ಬೆಳೆಸುತ್ತೇನೆ ಎಂದು ಆಕೆ ತಿಂಗಳುಗಟ್ಟಲೆ ಹೇಳಿಕೊಂಡಿದ್ದರು. ಕರುವಿನ ಮೂಗು ಒರೆಸಿ, ಎತ್ತಿ ಕೆಚ್ಚಲ ಬಳಿ ತಂದರು.

ಅಮ್ಮ ಬಾಗಿಲಿನಿಂದಲೇ ಗದರಿಸಿದರು. "ಏ, ಬಿಡೇ! ಕಸ ಬೀಳ್ದೇ ಹಾಲು ಮುಟ್ಟಿದ್ರೆ ಅದು ಒಳಗೇ ನಿಂತ್ಕೊಳ್ತದೆ. ಹಸೂನೂ ಕಳ್ಕೊಂಡು ಕೂತ್ಕೋ ಆಮೇಲೆ."

ಕಸ ಎಂದರೆ ಈದ ಮೇಲೆ ಬೀಳುವ ಮಾಸು. ಅದು ಬೀಳುವವರೆಗೆ ಕರುವಿಗೆ ಹಾಲು ಕೂಡದು ಎಂಬುದು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಯಾರೂ ಪ್ರಶ್ನಿಸದ ಕಟ್ಟಳೆ. ಅತ್ತಿಗೆ ಕರುವನ್ನು ಬೇರೆ ಗೂಟಕ್ಕೆ ಕಟ್ಟಿದರು. ಅದು ಕೂಗುತ್ತಲೇ ಇತ್ತು. ನಾನು ಜಗುಲಿಯಲ್ಲಿ ಕುಳಿತು ಅವತ್ತಿನ ಪೇಪರ್ ಓದುತ್ತಿದ್ದೆ.

ಕಸ ಬಿದ್ದದ್ದು ಮಧ್ಯಾಹ್ನ ಮೂರಕ್ಕೆ. ಮೂರೂವರೆಗೆ ಮೊದಲ ಹಾಲು ಕರೆದರು, ದಪ್ಪಗೆ, ಅರಿಶಿನ ಬಣ್ಣ. ಆಫೀಸಿನವರು ಗಿಣ್ಣು ಕೇಳಿ ವರ್ಷವಾಗಿತ್ತು. ಅಮ್ಮ ಎರಡು ಲೀಟರಿನ ಸ್ಟೀಲ್ ಕ್ಯಾನ್ ತುಂಬಿ ನನ್ನ ಕೈಗಿಟ್ಟರು. ಉಳಿದದ್ದರಲ್ಲಿ ಎದುರು ಮನೆಗೆ ಒಂದು ಚೊಂಬು, ನಮ್ಮ ಒಲೆಗೆ ಒಂದು ಪಾತ್ರೆ. ನಾಲ್ಕು ಗಂಟೆಯ ಬಸ್ಸಿಗೆ ನಾನು ಹೊರಟೆ. ಕರುವನ್ನು ಬಿಟ್ಟದ್ದು, ಅತ್ತಿಗೆ ಆಮೇಲೆ ಹೇಳಿದಂತೆ, ಸಂಜೆ ಆರರ ಮೇಲೆ, ಅದೂ ಹಿಂಡಿ ಬರಿದಾದ ಕೆಚ್ಚಲಿಗೆ.

ಮಾರನೆಯ ದಿನ ಸಹೋದ್ಯೋಗಿಯೊಬ್ಬರು ನಾನು ಕೊಟ್ಟ ಹಾಲಿನಲ್ಲಿ ಮನೆಯಲ್ಲಿ ಗಿಣ್ಣು ಮಾಡಿಸಿ ಡಬ್ಬಿಯಲ್ಲಿ ತಂದರು. ಬೆಲ್ಲ, ಏಲಕ್ಕಿ ಹದವಾಗಿತ್ತು. "ಗುರು, ಪ್ಯೂರ್ ಪ್ರೋಟೀನ್! ಜಿಮ್ಮಿನೋರು ಡಬ್ಬಿಗಟ್ಟಲೆ ಪೌಡರ್ ತಿಂತಾರಲ್ಲ, ಅದೆಲ್ಲ ವೇಸ್ಟು" ಎಂದು ಅವರು ಹೇಳಿದಾಗ ಎಲ್ಲರೂ ನಕ್ಕೆವು. ನಾನು ಎರಡು ಸಲ ಹಾಕಿಸಿಕೊಂಡೆ.

ನಾಲ್ಕನೆಯ ದಿನ ಅತ್ತಿಗೆಯ ಫೋನು. "ಕರು ನೀರ್ನೀರು ಭೇದಿ ಮಾಡ್ತೈತೆ ಕಣಪ್ಪ. ಏಳ್ತಾನೇ ಇಲ್ಲ." ನಾನು ಊರು ಸೇರುವ ಹೊತ್ತಿಗೆ ಪಶು ಆಸ್ಪತ್ರೆಯ ಡಾಕ್ಟರಮ್ಮ ಬಂದು ಡ್ರಿಪ್ ಹಾಕಿದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ. "ಗಿಣ್ಣು ಹಾಲು ಎಷ್ಟೊತ್ತಿಗೆ ಕುಡಿಸಿದ್ರಿ?"

ಗಂಟೆಗಳನ್ನು ನಾನೇ ಹೇಳಿದೆ.

ಡಾಕ್ಟರಮ್ಮ ಸಿಟ್ಟನ್ನು ಮುಚ್ಚಿಡಲಿಲ್ಲ. "ಮನುಷ್ಯರ ಮಗೂಗೆ ತಾಯಿ ಹೊಟ್ಟೇಲೇ ಒಂದಿಷ್ಟು ರಕ್ಷಣೆ ಬಂದಿರುತ್ತೆ. ಕರುಗೆ ಅದೂ ಇಲ್ಲ. ಬರೋದೆಲ್ಲ ಗಿಣ್ಣು ಹಾಲಲ್ಲೇ. ಹುಟ್ಟಿದ ಮೊದಲ ಕೆಲವು ಗಂಟೆ ಮಾತ್ರ ಅದರ ಕರುಳು ಆ ಪ್ರೋಟೀನನ್ನ ಇಡಿಯಾಗಿ ರಕ್ತಕ್ಕೆ ಬಿಟ್ಕೊಳ್ಳುತ್ತೆ. ಒಂದು ದಿನ ಕಳೆಯೋಷ್ಟರಲ್ಲಿ ಆ ದಾರಿ ಮುಚ್ಚಿಹೋಗುತ್ತೆ. ಕರು ಚೀಪಿದ್ರೆ ಕಸ ಬೇಗ ಬೀಳುತ್ತೆ, ನಿಲ್ಲೋದಿಲ್ಲ. ನೀವು ಪೂರ್ತಿ ಉಲ್ಟಾ ಮಾಡಿದೀರ."

ನಂತರ ನನ್ನ ಕಡೆ ತಿರುಗಿದರು. ನಾನು ಯಾವ ಪೇಪರಿನವನೆಂದು ಅವರಿಗೆ ಗೊತ್ತಿತ್ತು. "ಇದನ್ನೇ ಬರ್ದು ನಿಮ್ಮ ಪೇಪರಿಗೆ ಎರಡು ಸಲ ಕಳ್ಸಿದೀನಿ ಸರ್. ಹಾಕ್ಲಿಲ್ಲ."

ಆಫೀಸಿಗೆ ಮರಳಿ ಹುಡುಕಿದೆ. ಎರಡೂ ಬಂದಿದ್ದವು. ಒಂದರ ಮೇಲೆ 'ಜಾಗವಿಲ್ಲ' ಎಂಬ ಟಿಪ್ಪಣಿ. ಅಕ್ಷರ ನನ್ನದೇ. ಆ ವಾರದ ಪುರವಣಿಯಲ್ಲಿ ಮೈಕಟ್ಟಿಗೆ ಯಾವ ಪ್ರೋಟೀನ್ ಒಳ್ಳೆಯದು ಎಂಬ ಅರ್ಧ ಪುಟದ ಲೇಖನವಿತ್ತು. ಅದನ್ನು ತಿದ್ದಿ ಕಳಿಸಿದವನೂ ನಾನೇ.

ಅರ್ಧ ಪುಟ ತಿದ್ದಿದ್ದರೂ ಪ್ರೋಟೀನ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರಿಗೆ ಫೋನು ಮಾಡಿ ಕೇಳಿ ತಿಳಿದುಕೊಂಡೆ. ಅಮೈನೋ ಆಮ್ಲಗಳೆಂಬ ಸಣ್ಣ ಘಟಕಗಳು ಒಂದರ ಹಿಂದೊಂದು ಕೂಡಿ ಉದ್ದದ ಎಳೆಯಾಗುತ್ತವೆ. ಆ ಎಳೆ ತನ್ನದೇ ರೀತಿಯಲ್ಲಿ ಮಡಚಿಕೊಂಡು ಒಂದು ಆಕಾರಕ್ಕೆ ಬರುತ್ತದೆ. ಅದು ಮಾಡುವ ಕೆಲಸ ಆ ಆಕಾರದಿಂದಲೇ. ಗಿಣ್ಣು ಹಾಲಿನ ರಕ್ಷಕ ಪ್ರೋಟೀನಿಗೆ ಎರಡು ತೋಳುಗಳಿವೆ. ತೋಳಿನ ತುದಿ ತನಗೆ ಹೊಂದುವ ರೋಗಾಣುವನ್ನು ಮಾತ್ರ ಹಿಡಿಯುತ್ತದೆ. ನಮ್ಮ ಹಸು ನಮ್ಮದೇ ಕೊಟ್ಟಿಗೆಯಲ್ಲಿ ನಿಂತು, ಅಲ್ಲಿನ ರೋಗಾಣುಗಳನ್ನು ಎದುರಿಸಿ, ಅವಕ್ಕೆ ಹೊಂದುವ ತೋಳುಗಳನ್ನು ತನ್ನ ಕರುವಿಗಾಗಿ ಕೆಚ್ಚಲಲ್ಲಿ ಸಿದ್ಧ ಮಾಡಿಟ್ಟಿತ್ತು. ಬಿಸಿ ತಾಗಿದರೆ ಮಡಿಕೆ ಬಿಚ್ಚುತ್ತದೆ, ಎಳೆಗಳು ಒಂದಕ್ಕೊಂದು ತೊಡರಿ ಗಟ್ಟಿಯಾಗುತ್ತವೆ. ಗಿಣ್ಣು ಚೆನ್ನಾಗಿ ಕಟ್ಟಿದೆ ಎಂದು ನಾವು ಮೆಚ್ಚಿ ತಿಂದದ್ದು ಅದನ್ನೇ. ನಮ್ಮ ಹೊಟ್ಟೆಗೆ ಅದು ಒಂದು ಹೊತ್ತಿನ ಸಿಹಿ. ಕರುವಿಗೆ ಬೇರೆ ಏನೂ ಇರಲಿಲ್ಲ.

ಐದನೆಯ ದಿನ ರಾತ್ರಿ ಮತ್ತೆ ಊರಿಗೆ ಬಂದೆ. ಆರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಕರು ಸತ್ತಿತು. ಹಿತ್ತಲಲ್ಲಿ ಹೂಳಿ ಬಂದ ಮೇಲೆ ಅಮ್ಮ ನಿಟ್ಟುಸಿರಿಟ್ಟರು. "ಯಾರ ಕಣ್ಣು ಬಿತ್ತೋ."

ನನಗೆ ತಡೆಯಲಾಗಲಿಲ್ಲ. "ಯಾರ ಕಣ್ಣೂ ಅಲ್ಲ ಕಣಮ್ಮ. ನೀನು ಕುಡಿಸಬೇಡ ಅಂದೆ. ನಾನು ಕ್ಯಾನಲ್ಲಿ ಹೊತ್ಕೊಂಡು ಹೋದೆ."

"ಓಹೋ, ನಾನೇ ಕೊಂದೆ ಅನ್ನು. ಪೇಪರ್ನೋರಿಗೆ ಬರ್ಕೊಳ್ಳಕ್ಕೆ ಏನಾದ್ರೂ ಬೇಕಲ್ಲ! ನಮ್ಮತ್ತೆ ಕಾಲದಿಂದ ಹಿಂಗೇ ಮಾಡಿದೀವಿ, ಎಷ್ಟು ಕರು ಬದುಕಿಲ್ಲ?"

"ಎಷ್ಟು ಸತ್ತಿಲ್ಲ?" ಎಂದೆ. ಅಮ್ಮ ಒಳಗೆ ಹೋದರು.

ಅತ್ತಿಗೆ ಸಗಣಿ ಬಾಚುತ್ತಾ ಹೇಳಿದರು. "ನನ್ನ ಬಾಣಂತನದಲ್ಲೂ ಹಿಂಗೇ ಆಯ್ತು. ನನ್ನ ತವರುಮನೇಲಿ. ಮೊದ್ಲು ಹಾಲು ಕೆಟ್ಟದ್ದು ಅಂತ ಮೂರು ದಿನ ಗೋಡೆಗೆ ಹಿಂಡ್ಸಿದ್ರು. ಮಗೂಗೆ ಜೇನುತುಪ್ಪ ನೆಕ್ಕಿಸಿದ್ರು. ಅದು ಅಳ್ತಿತ್ತು, ನನ್ನ ಎದೆ ಉರೀತಿತ್ತು. ನನ್ನನ್ನ ಯಾರೂ ಏನೂ ಕೇಳ್ಲಿಲ್ಲ."

ಆ ಮಗು ಬದುಕಿತು, ಈಗ ಕಾಲೇಜಿಗೆ ಹೋಗುತ್ತಿದೆ. ಅದು ಬದುಕಿದ್ದೇ ಆ ಪದ್ಧತಿಗೆ ಸಮರ್ಥನೆಯಾಗಿಬಿಟ್ಟಿತು ಎಂಬುದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಡಾಕ್ಟರ ಬರಹ ಆ ವಾರ ಅಚ್ಚಾಯಿತು, ಕೃಷಿ ಪುಟದ ಮೇಲ್ಭಾಗದಲ್ಲಿ. ಕರು ಸತ್ತ ಮೇಲೆ.

ಮರುವರ್ಷ ಅದೇ ಹಸು ಈದಾಗ ನಾನು ಊರಲ್ಲಿರಲಿಲ್ಲ. ಅತ್ತಿಗೆ ಫೋನು ಮಾಡಿದರು. "ಗಂಡುಗರು ಕಣಪ್ಪ. ಗಂಡಾದ್ರೇನು, ಹುಟ್ಟಿದ ಅರ್ಧ ಗಂಟೆಗೇ ಕುಡಿಸ್ಬಿಟ್ಟೆ, ಹೊಟ್ಟೆ ತುಂಬ."

"ಅಮ್ಮ ಏನೂ ಅನ್ಲಿಲ್ವಾ?"

"ಹೊರಗಡೆಯಿಂದ ಬೈತಾನೇ ಇದ್ರು. ನಾನು ಕೊಟ್ಟಿಗೆಗೆ ಒಳಗಿಂದ ಚಿಲಕ ಹಾಕ್ಕೊಂಡಿದ್ದೆ."