ಹಿಂದಿನ ಕಾರಿನಿಂದ ಕಂಡಿದ್ದು

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ.

ಇಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಅಂತೀರಾ? ಪಕ್ಕದಲ್ಲಿ ಕೂತಿದ್ದ ಅತ್ತೆ ಆಗಷ್ಟೇ ‘ಗಂಟೆ ಎಷ್ಟಾಯ್ತೇ? ಕಾಫಿಗೆ ಎಲ್ಲಾದ್ರೂ ನಿಲ್ಲಿಸ್ತೀಯೋ ಇಲ್ವೋ?’ ಎಂದು ಕೇಳಿದ್ದರು. ನಾನು ಕಾರಿನ ಗಡಿಯಾರ ನೋಡಿ, ‘ಹನ್ನೊಂದೂ ಇಪ್ಪತ್ತು ಅತ್ತೆ, ಇನ್ನೊಂದರ್ಧ ಗಂಟೆ’ ಎಂದು ಹೇಳಿ ತಲೆ ಎತ್ತಿದೆ.

ಮುಂದೆ ಹೋಗುತ್ತಿದ್ದ ನಮ್ಮ ಕ್ಯಾಂಪರ್ ಬಾಲ ಅಲ್ಲಾಡಿಸುತ್ತಿತ್ತು.

ಮೊದಲು ಸ್ವಲ್ಪ ಎಡಕ್ಕೆ. ಆಮೇಲೆ ಇನ್ನೂ ಸ್ವಲ್ಪ ಜಾಸ್ತಿ ಬಲಕ್ಕೆ. ಮತ್ತೆ ಎಡಕ್ಕೆ, ಈ ಸಲ ಪಕ್ಕದ ಲೇನಿನ ಗೆರೆ ದಾಟಿ. ಅದನ್ನು ಎಳೆಯುತ್ತಿದ್ದ ಎಸ್‌ಯುವಿಯಲ್ಲಿ ಇದ್ದವರು ಮೂವರು: ನನ್ನ ಗಂಡ ಶ್ರೀಕಾಂತ್, ಹದಿಮೂರರ ಮಗಳು ಇಶಾನಿ, ಒಂಬತ್ತರ ಮಗ ವಿಹಾನ್. ರಸ್ತೆ ಪೆನ್ಸಿಲ್ವೇನಿಯಾದ ಒಂದು ಉದ್ದನೆಯ ಇಳಿಜಾರು. ಆಗಷ್ಟೇ ಒಂದು ದೊಡ್ಡ ಟ್ರಕ್ ಅವರನ್ನು ಓವರ್‌ಟೇಕ್ ಮಾಡಿ ಹೋಗಿತ್ತು.

ಕ್ಯಾಂಪರ್ ಎಂದರೆ ಏನೆಂದು ಹೇಳಿಬಿಡುತ್ತೇನೆ. ಪಾಪ್-ಅಪ್ ಕ್ಯಾಂಪರ್ ಎಂದರೆ ಎರಡು ಚಕ್ರದ ಮೇಲಿನ ದೊಡ್ಡ ಪೆಟ್ಟಿಗೆ. ಕಾರಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆದುಕೊಂಡು ಹೋಗುವುದು. ಜಾಗ ತಲುಪಿದ ಮೇಲೆ ಹಿಡಿ ತಿರುಗಿಸಿದರೆ ಚಾವಣಿ ಮೇಲೇಳುತ್ತದೆ, ಎರಡೂ ಕಡೆ ಮೇಜಿನ ಡ್ರಾಯರ್ ಎಳೆದ ಹಾಗೆ ಹಾಸಿಗೆ ಹೊರಬರುತ್ತದೆ, ಸುತ್ತ ದಪ್ಪ ಬಟ್ಟೆಯ ಗೋಡೆ. ಟೆಂಟೂ ಹೌದು, ಮನೆಯೂ ಹೌದು. ಸೆಕೆಂಡ್ ಹ್ಯಾಂಡ್ ತಂದೆವು. ನ್ಯಾಷನಲ್ ಪಾರ್ಕುಗಳನ್ನು ಒಂದೊಂದಾಗಿ ನೋಡಿ ಮುಗಿಸುವುದು ನಮ್ಮ ಕನಸು.

ಈ ಕನಸಿಗೆ ಪ್ಲಾನಿಂಗ್ ಬೇಕು. ಎಂಥ ಪ್ಲಾನಿಂಗ್ ಅಂತೀರಿ! ಕ್ಯಾಂಪಿಂಗ್ ಜಾಗದ ಬುಕಿಂಗ್ ಆರು ತಿಂಗಳ ಮುಂಚೆ ತೆರೆಯುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಸಮರ್‌ಸೆಟ್‌ನ ನಮ್ಮ ಮನೆಯಲ್ಲಿ ಅವತ್ತು ಗಂಡ ಒಂದು ಲ್ಯಾಪ್‌ಟಾಪಿನಲ್ಲಿ, ನಾನು ಇನ್ನೊಂದರಲ್ಲಿ (ಇಬ್ಬರೂ ಆಫೀಸಿನ ಮೀಟಿಂಗಿನಲ್ಲಿ ಇದ್ದೆವು ಎಂಬುದು ನಮ್ಮ ನಿಮ್ಮ ನಡುವೆ ಇರಲಿ). ವರ್ಜೀನಿಯಾದ ಶೆನಂಡೋವಾದಲ್ಲಿ ನಾಲ್ಕು ದಿನ ಸಿಕ್ಕಿತು. ಸಿಕ್ಕ ಮರುಕ್ಷಣ ಮೆನು ಶುರು.

ಅತ್ತೆ ಮೈಸೂರಿನಿಂದ ಬಂದಿದ್ದರು. ‘ಕಾಡಲ್ಲಿ ಏನು ಸಿಗುತ್ತೆ? ಎಲ್ಲ ತಗೊಂಡೇ ಹೋಗೋಣ’ ಎಂದರು. ಇಂಡಿಯನ್ ಅಂಗಡಿಗಳಿರುವ ಐಸೆಲಿನ್‌ಗೆ ಹೋಗಿ ಇಪ್ಪತ್ತು ಪೌಂಡಿನ, ಅಂದರೆ ಒಂಬತ್ತು ಕಿಲೋ, ಅಕ್ಕಿ ಮೂಟೆ ತಂದೆವು. ಐದು ಜನ, ನಾಲ್ಕು ದಿನ, ಇಪ್ಪತ್ತು ಪೌಂಡ್! ಅದರ ಜೊತೆ ಎರಡು ಕುಕ್ಕರ್, ಕಬ್ಬಿಣದ ದೋಸೆ ಕಾವಲಿ, ಬಕೆಟ್ ತುಂಬ ದೋಸೆ ಹಿಟ್ಟು, ಆರು ಕ್ಯಾನ್ ನೀರು, ಐಸ್ ತುಂಬಿದ ಕೂಲರ್.

ಎಲ್ಲವನ್ನೂ ಕ್ಯಾಂಪರ್‌ಗೆ ತುಂಬಿದೆವು. ಹೊರಡುವ ದಿನ ಕೊಕ್ಕೆ ಸಿಕ್ಕಿಸಲು ಹೋದರೆ, ಕ್ಯಾಂಪರಿನ ಮೂತಿ ಎತ್ತಲಿಕ್ಕೇ ಆಗಲಿಲ್ಲ. ಅಷ್ಟು ಭಾರ. ‘ಮುಂದೆ ಲೋಡ್ ಜಾಸ್ತಿ ಆಗಿದೆ. ಎಲ್ಲ ಹಿಂದಕ್ಕೆ ಹಾಕೋಣ’ ಎಂದರು ಶ್ರೀಕಾಂತ್. ಮೂಟೆ, ನೀರು, ಕೂಲರ್ ಎಲ್ಲವೂ ಹಿಂಬದಿಗೆ ಹೋದವು. ಈಗ ಮೂತಿಯನ್ನು ಒಂದೇ ಕೈಯಲ್ಲಿ ಎತ್ತಬಹುದಿತ್ತು! ‘ನೋಡಿದ್ಯಾ? ಬ್ಯಾಲೆನ್ಸ್ ಅಂದ್ರೆ ಇದು’ ಎಂದರು. ನಮಗೆಲ್ಲ ಸರಿಯೆನಿಸಿತು. ನಿಮಗೂ ಅನಿಸುತ್ತಿಲ್ಲವೇ?

ಅತ್ತೆಯ ಮಂಡಿ ಎತ್ತರದ ಎಸ್‌ಯುವಿ ಹತ್ತಲು ಬಿಡುವುದಿಲ್ಲ. ಹಾಗಾಗಿ ಅವರನ್ನು ನನ್ನ ಪುಟ್ಟ ಕಾರಿನಲ್ಲಿ ಕೂರಿಸಿಕೊಂಡು ನಾನು ಹಿಂದೆ ಹೊರಟೆ. ಹೀಗೆ ನಾನು ಸಾಕ್ಷಿಯಾದೆ.

‘ಅಯ್ಯೋ, ಏನೇ ಅದು ಹಂಗೆ ಆಡ್ತಿದೆ! ಹಾರ್ನ್ ಹೊಡಿಯೇ!’ ಅತ್ತೆ ಕಿರುಚಿದರು.

‘ಹಾರ್ನ್ ಹೊಡೆದ್ರೆ ಏನಾಗುತ್ತೆ ಅತ್ತೆ?’

‘ಹಂಗಾದ್ರೆ ಫೋನ್ ಮಾಡು!’

ಫೋನಿನತ್ತ ಕೈ ಹೋಯಿತು. ಹಿಂದಕ್ಕೆ ಬಂತು. ರಿಂಗ್ ಆಗಿ ಅವರ ಗಮನ ಆ ಕಡೆ ಹೋದರೆ? ಕ್ಯಾಂಪರಿನ ಬಾಲ ಬಲಕ್ಕೆ ಬೀಸಿದಾಗ ಎಸ್‌ಯುವಿಯ ಹಿಂಭಾಗ ಎಡಕ್ಕೆ ಜಗ್ಗಿತು. ಕಿಟಕಿಯಲ್ಲಿ ವಿಹಾನ್ ತಲೆ ಒಂದು ಕಡೆಗೆ ವಾಲಿದ್ದು ಕಂಡಿತು. ಹಿಂದೆ ಒಂದು ಟ್ರಕ್ ಬರುತ್ತಿದ್ದದ್ದು ನನ್ನ ಕನ್ನಡಿಯಲ್ಲಿ ಕಂಡಿತು. ನಾನು ಹಜಾರ್ಡ್ ಲೈಟ್ ಹಾಕಿದೆ. ನನ್ನಿಂದಾದದ್ದು ಅಷ್ಟೇ. ಮಕ್ಕಳು ಕೂತ ಗಾಡಿ ಕಣ್ಣೆದುರು ಮಗುಚುವುದರಲ್ಲಿದೆ, ಕೈಯಲ್ಲಿರುವುದು ಒಂದು ಕೆಂಪು ತ್ರಿಕೋನದ ಬಟನ್!

ಆಮೇಲೆ, ಯಾಕೋ, ಬೀಸು ಕಡಿಮೆಯಾಯಿತು. ಇನ್ನೂ ಕಡಿಮೆಯಾಯಿತು. ಗಾಡಿ ನಿಧಾನವಾಗಿ ರಸ್ತೆಬದಿಗೆ ಹೋಗಿ ನಿಂತಿತು.

ನಾನು ಓಡಿಹೋಗಿ ಬಾಗಿಲು ತೆಗೆದೆ. ಮಕ್ಕಳಿಬ್ಬರೂ ಹೆಡ್‌ಫೋನ್ ಹಾಕಿಕೊಂಡು ಏನನ್ನೋ ನೋಡುತ್ತಿದ್ದರು. ವಿಹಾನ್ ಹೆಡ್‌ಫೋನ್ ಸರಿಸಿ, ‘ಆರ್ ವಿ ದೇರ್?’ ಎಂದ. ಇಶಾನಿ, ‘ಅಮ್ಮಾ, ವೈ ಆರ್ ಯು ಕ್ರೈಯಿಂಗ್?’ ಎಂದಳು. ಶ್ರೀಕಾಂತ್ ಕೈ ಇನ್ನೂ ಸ್ಟಿಯರಿಂಗ್ ಮೇಲೆಯೇ ಇತ್ತು.

‘ಏನ್ ಮಾಡಿದ್ರಿ ನೀವು? ಹೇಗೆ ನಿಲ್ಲಿಸಿದ್ರಿ?’

‘ಏನೂ ಮಾಡ್ಲಿಲ್ಲ ಕಣೇ. ಏನು ಮಾಡ್ಬೇಕು ಅಂತ್ಲೇ ಹೊಳೀಲಿಲ್ಲ. ಕಾಲು ಆಕ್ಸಿಲರೇಟರ್ ಮೇಲಿಂದ ತಾನಾಗೇ ಎದ್ದುಹೋಯ್ತು. ಹಿಡ್ಕೊಂಡು ಕೂತೆ ಅಷ್ಟೇ.’

ಅಲ್ಲಿಯೇ ನಿಂತು ಫೋನಿನಲ್ಲಿ ಓದಿದೆವು. ಮಾಡಬೇಕಾದದ್ದೂ ಅದೇ ಅಂತೆ! ಸ್ಟಿಯರಿಂಗ್ ನೇರ ಹಿಡಿದು, ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡುವುದು. ಗಾಬರಿಯಲ್ಲಿ ಕಾರಿನ ಬ್ರೇಕ್ ತುಳಿದಿದ್ದರೆ ಅಥವಾ ಸ್ಟಿಯರಿಂಗ್ ಅತ್ತಿತ್ತ ತಿರುಗಿಸಿದ್ದರೆ ಹಿಂದಿನ ಪೆಟ್ಟಿಗೆ ಮುಂದಿನ ಕಾರನ್ನೇ ತಿರುಗಿಸಿ ಹಾಕಬಹುದಿತ್ತು.

ತಪ್ಪು ಆಗಿದ್ದು ಮನೆಯಂಗಳದಲ್ಲಿ. ಕ್ಯಾಂಪರಿನ ಮೂತಿ ಭಾರವೇ ಇರಬೇಕು, ಆ ಭಾರ ಕಾರಿನ ಮೇಲೆ ಕೂತು ಒತ್ತಿಹಿಡಿಯಬೇಕು. ಬಾಲ ಭಾರವಾದರೆ, ಪಕ್ಕದಲ್ಲಿ ಹೋದ ಟ್ರಕ್ಕಿನ ಗಾಳಿ ಸಾಕು, ಅದು ಬೀಸತೊಡಗುತ್ತದೆ. ಯಾವುದನ್ನು ನಾವು ಬ್ಯಾಲೆನ್ಸ್ ಎಂದು ಹೆಮ್ಮೆಪಟ್ಟೆವೋ ಅದೇ ಗಂಡಾಂತರ.

‘ನೀನು ಮೆಕ್ಯಾನಿಕಲ್ ಓದಿದ್ದಲ್ವೇನೋ?’ ಎಂದರು ಅತ್ತೆ ಮಗನಿಗೆ.

‘ಓದಿದ್ದೆ ಅಮ್ಮಾ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಮಾಡ್ತಿದೀನಿ.’

‘ಹಂಗಂದ್ರೆ ಅಕ್ಕಿ ಮೂಟೆ ಎಲ್ಲಿಡಬೇಕು ಅನ್ನೋದು ಮರೆತುಹೋಗುತ್ತಾ?’

ಶ್ರೀಕಾಂತ್ ನಕ್ಕರು. ನಾನು ನಗಲಿಲ್ಲ. ‘ಮನೆಗೆ ವಾಪಸ್ ಹೋಗೋಣ’ ಎಂದೆ. ಶ್ರೀಕಾಂತ್ ಮೆತ್ತಗೆ, ‘ವಾಪಸ್ ಹೋಗೋದಕ್ಕೂ ಇದನ್ನ ಎಳ್ಕೊಂಡೇ ಹೋಗ್ಬೇಕಲ್ವಾ?’ ಎಂದರು. ಮುಂದಿನ ಎಕ್ಸಿಟ್‌ವರೆಗೆ ತೆವಳಿದೆವು. ಅಲ್ಲೊಂದು ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಎಲ್ಲ ಇಳಿಸಿ, ಭಾರದ್ದನ್ನೆಲ್ಲ ಚಕ್ರಕ್ಕಿಂತ ಮುಂದೆ ಇಟ್ಟೆವು. ಬೇರೆ ಗಾಡಿಗಳೆಲ್ಲ ನಮ್ಮನ್ನು ಬೈಯುವಷ್ಟು ನಿಧಾನವಾಗಿ ಹೋದೆವು. ಕ್ಯಾಂಪರ್ ಒಮ್ಮೆಯೂ ಅಲುಗಲಿಲ್ಲ.

ಶೆನಂಡೋವಾ ಚೆನ್ನಾಗಿತ್ತು. ಬೆಟ್ಟದ ಮೇಲೆ ಬಿಸಿ ದೋಸೆ ತಿಂದೆವು, ಜಿಂಕೆ ನೋಡಿದೆವು. ಮಕ್ಕಳು ಕುಣಿದಾಡಿದರು. ಆದರೆ ನಾನು ನಿದ್ದೆ ಮಾಡಲಿಲ್ಲ. ಕಣ್ಣು ಮುಚ್ಚಿದರೆ ಬಿಳಿ ಪೆಟ್ಟಿಗೆ ಬೀಸುತ್ತಿತ್ತು. ಊರಿಗೆ ಬಂದ ಮೇಲೂ ಅದೇ. ತರಕಾರಿ ಹೆಚ್ಚುವಾಗ ಪೆಟ್ಟಿಗೆ ಎಡಕ್ಕೆ ಹೋಗುತ್ತದೆ, ಬಲಕ್ಕೆ ಬರುತ್ತದೆ. ನಾನು ಚಾಕು ಕೆಳಗಿಟ್ಟು ಕಾಯುತ್ತೇನೆ. ಅದು ನಿಂತ ಮೇಲೆ ಮತ್ತೆ ಹೆಚ್ಚುತ್ತೇನೆ.

ಒಂದು ರಾತ್ರಿ ತಡೆಯಲಾರದೆ, ‘ನಿದ್ದೆ ಬಂತಾ?’ ಎಂದೆ. ‘ಆ ದಿನದಿಂದ ಇಲ್ಲ’ ಎಂದರು ಶ್ರೀಕಾಂತ್. ಪಕ್ಕಪಕ್ಕದಲ್ಲಿ ಮಲಗಿ, ಇನ್ನೊಬ್ಬರಿಗೆ ಎಚ್ಚರವಾಗಬಾರದೆಂದು ಇಬ್ಬರೂ ನಿದ್ದೆಯ ನಟನೆ ಮಾಡುತ್ತಿದ್ದೆವು!

ನಾವು ಪ್ಲಾನ್ ಮಾಡುವುದಾದರೂ ಏನನ್ನು? ತಿನ್ನುವುದನ್ನು. ನೋಡುವುದನ್ನು. ಫೋಟೋ ತೆಗೆಯುವ ಜಾಗವನ್ನು. ಹೋಗುವುದನ್ನು ಮಾತ್ರ ‘ಹೋದರಾಯ್ತು’ ಎಂದು ಬಿಟ್ಟುಬಿಡುತ್ತೇವೆ. ಹೋಗುವುದೇ ಎಲ್ಲಕ್ಕಿಂತ ಅಪಾಯದ ಕೆಲಸ ಎಂದು ಯಾರಿಗೆ ಹೊಳೆಯುತ್ತದೆ?

ಕ್ಯಾಂಪರ್ ಮಾರಿಬಿಡೋಣ ಎಂದೆ. ಶ್ರೀಕಾಂತ್ ಸರಿ ಎಂದರು. ಮಕ್ಕಳು ಒಪ್ಪಲಿಲ್ಲ. ಮೇನ್ ರಾಜ್ಯದ ಅಕೇಡಿಯಾ ಪಾರ್ಕಿನಲ್ಲಿ ಜಾಗ ಬುಕ್ ಆಗಿತ್ತು. ಅದೊಂದಕ್ಕೆ ಹೋಗಿಬಂದು ತೀರ್ಮಾನಿಸೋಣ ಎಂದಾಯಿತು. ಬೀಸುವಿಕೆ ತಡೆಯುವ ಒಂದು ಕಂಬಿ ಹಾಕಿಸಿದೆವು. ಶನಿವಾರ ಭಾನುವಾರ ಆಫೀಸಿನ ಖಾಲಿ ಪಾರ್ಕಿಂಗಿನಲ್ಲಿ ಕ್ಯಾಂಪರ್ ಎಳೆದು ಅಭ್ಯಾಸ ಮಾಡಿದೆವು. ಮಾಡಿದ್ದು ನಾನು. ಯಾಕೆಂದರೆ ನನ್ನದೊಂದು ಷರತ್ತಿತ್ತು.

‘ಈ ಸಲ ಕ್ಯಾಂಪರ್ ನಾನು ಎಳೀತೀನಿ. ನೀವು ಅತ್ತೇನ ಕರ್ಕೊಂಡು ಹಿಂದೆ ಬನ್ನಿ.’

ದಾರಿಯುದ್ದಕ್ಕೂ ಟ್ರಕ್ಕುಗಳು ದಾಟಿ ಹೋದವು. ಪ್ರತಿಯೊಂದಕ್ಕೂ ಸ್ಟಿಯರಿಂಗ್ ಸಣ್ಣಗೆ ನಡುಗುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು. ಸಂಜೆ ಅಕೇಡಿಯಾ ತಲುಪಿದಾಗ ನನ್ನ ಬೆನ್ನು ನೋಯುತ್ತಿತ್ತು, ಭಯ ಅರ್ಧಕ್ಕಿಳಿದಿತ್ತು. ಶ್ರೀಕಾಂತ್ ಕಾರಿನಿಂದ ಇಳಿದು ಬಂದರು. ಅವರ ಮುಖ ಬಿಳಿಚಿಕೊಂಡಿತ್ತು.

‘ಒಂದ್ಸಲಾನೂ ಅಲ್ಲಾಡ್ಲಿಲ್ಲ’ ಎಂದರು. ಕೊಕ್ಕೆಯನ್ನೊಮ್ಮೆ ಮುಟ್ಟಿ ನೋಡಿ, ‘ಆದ್ರೂ ಹಿಂದಿನ ಕಾರಲ್ಲಿ ಕೂತು ನೋಡೋದು... ಸಾಕಪ್ಪ ಸಾಕು. ನಿನಗೆ ಅವತ್ತು ಏನಾಗಿರ್ಬೇಕು’ ಎಂದರು.

ಅವರ ಬಾಯಿಂದ ಆ ಒಂದು ಮಾತು ಬೇಕಾಗಿತ್ತು ಎಂದು ನನಗೆ ಗೊತ್ತಾದದ್ದೇ ಅದು ಬಂದ ಮೇಲೆ.

ಅವತ್ತು ಊಟ ಮಾಡಿ ಮಲಗಿದ್ದಷ್ಟೇ ನೆನಪು. ಬೆಳಿಗ್ಗೆ ಕಣ್ಣು ಬಿಟ್ಟಾಗ ಬಟ್ಟೆಯ ಗೋಡೆಯ ಮೇಲೆಲ್ಲ ಬಿಸಿಲು. ಪಕ್ಕದಲ್ಲಿ ಶ್ರೀಕಾಂತ್ ಗೊರಕೆ, ನಟನೆಯದ್ದಲ್ಲ. ಮಕ್ಕಳು ಆಗಲೇ ಎದ್ದು ಹೊರಗೆ ಆಡುತ್ತಿದ್ದರು.

ಕಾಫಿ ಲೋಟ ಹಿಡಿದು ಅತ್ತೆ ಒಳಗೆ ಇಣುಕಿದರು. ‘ಎಷ್ಟು ಹೊತ್ತಾಯ್ತು ನೋಡ್ರೇ! ಇಷ್ಟು ದೂರ ಬಂದಿರೋದು ಪಾರ್ಕ್ ನೋಡೋಕೋ, ಮಲಗೋಕೋ?’

‘ಮಲಗೋಕೇ ಅತ್ತೆ’ ಎಂದು ಮಗ್ಗುಲು ಬದಲಿಸಿದೆ.