ಏಳನೇ ಇಯತ್ತೆಗೆ ಹೋದ ಬದ್ಲಿ

ಹಾಜರಿ ಎಂದರೇನು ಎಂದು ಚನಬಸವ್ವನಿಗೆ ಹೇಳಿಕೊಡಲು ಹೊರಟವರ ಧೈರ್ಯವನ್ನು ಮೆಚ್ಚಲೇಬೇಕು! ಹದಿನೆಂಟು ವರ್ಷದಿಂದ ಆಕೆಯ ಬದುಕು ನಡೆದಿರುವುದೇ ಹಾಜರಿಯ ಮೇಲೆ. ಚಿತ್ತಾಪುರದ ಕಡೆಯ ಹಳ್ಳಿಯಿಂದ ಗಂಡ ಅಂಬರೀಶನ ಜೊತೆ ಬಂದವಳು ಮೊದಲು ಸಂಭಾಜಿನಗರದಲ್ಲಿ, ಆ ಊರಿಗಿನ್ನೂ ಹಳೆಯ ಹೆಸರಿದ್ದಾಗ, ದೌಲತಾಬಾದ್ ರಸ್ತೆಯ ಸೈಟುಗಳಲ್ಲಿ ಸಿಮೆಂಟಿನ ಬುಟ್ಟಿ ಹೊತ್ತಳು. ಎರಡು ವರ್ಷದಿಂದ ನಾಶಿಕದ ಹೊರಗೆ ಹದಿನಾಲ್ಕು ಅಂತಸ್ತಿನ ಕಟ್ಟಡವೊಂದಕ್ಕೆ ಹೊರುತ್ತಿದ್ದಾಳೆ. ದಿನಾ ಬೆಳಿಗ್ಗೆ ಏಳಕ್ಕೆ ಮುಕಾದಮ, ಅಂದರೆ ಕೂಲಿಗಳ ಮೇಸ್ತ್ರಿ, ಹೆಸರು ಕೂಗುತ್ತಾನೆ. ಅವನು ಎರಡನೇ ಸಲ ಕೂಗುವ ಪ್ರಸಂಗವನ್ನು ಚನಬಸವ್ವ ಒಮ್ಮೆಯೂ ತಂದುಕೊಂಡವಳಲ್ಲ.

ಸೈಟಿನಲ್ಲಿ ಒಂದು ರೂಢಿಯಿದೆ. ಒಬ್ಬಳಿಗೆ ಹುಷಾರಿಲ್ಲದಿದ್ದರೆ ಅದೇ ಮನೆಯ ಇನ್ನೊಬ್ಬಳು ಹೋಗಿ ಅವಳ ಜಾಗದಲ್ಲಿ ನಿಲ್ಲುತ್ತಾಳೆ. ಇದಕ್ಕೆ ಬದ್ಲಿ ಎನ್ನುತ್ತಾರೆ. ಹೆಸರು ಕೂಗಿದಾಗ ಬದ್ಲಿಗೆ ಬಂದವಳು 'ಹಾಂ' ಎಂದರೆ ಹಾಜರಿ ಬಿತ್ತು. ಇದರಲ್ಲಿ ಕಳ್ಳತನವಿಲ್ಲ, ಮುಚ್ಚುಮರೆಯೂ ಇಲ್ಲ. ಮುಕಾದಮನಿಗೆ ಬೇಕಾದದ್ದು ಆ ಜಾಗದಲ್ಲಿ ಒಂದು ಜೀವ, ಎರಡು ಕೈ. ಹಿರಿಮಗಳು ಉಮಾಶ್ರೀ ಹುಟ್ಟಿದಾಗ ಚನಬಸವ್ವನ ನಾದಿನಿ ಒಂದೂವರೆ ತಿಂಗಳು ಚನಬಸವ್ವನಾಗಿ ಬುಟ್ಟಿ ಹೊತ್ತಿದ್ದಳು. ಯಾರೂ ತಪ್ಪೆನ್ನಲಿಲ್ಲ.

ಆ ಉಮಾಶ್ರೀ ಈಗ ಏಳನೇ ಇಯತ್ತೆ, ನಮ್ಮ ಏಳನೇ ತರಗತಿ. ಸೈಟಿನಿಂದ ಒಂದೂವರೆ ಕಿಲೋಮೀಟರ್ ದೂರದ, ಒಂದು ಸಂಸ್ಥೆಯವರು ನಡೆಸುವ ಮರಾಠಿ ಶಾಲೆ. ಅಲ್ಲಿ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಗೇಟು ಹಾಕುತ್ತಾರೆ. ಆಮೇಲೆ ಬಂದವರು ಗೇಟಿನ ಬಳಿಯ ಲೇಟ್ ಬುಕ್ಕಿನಲ್ಲಿ ಹೆಸರು ಬರೆದು ಒಳಗೆ ಹೋಗಬೇಕು. ಮೂರು ಸಲ ಲೇಟಾದರೆ ಒಂದು ದಿನ ಗೈರುಹಾಜರಿ. ವರ್ಷದ ಹಾಜರಿ ನೂರಕ್ಕೆ ಎಪ್ಪತ್ತೈದಕ್ಕಿಂತ ಇಳಿದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇದನ್ನೆಲ್ಲ ಅಚ್ಚು ಹಾಕಿಸಿ, ಕೆಳಗೆ ಪಾಲಕರ ಸಹಿ ಎಂದು ಗೆರೆ ಎಳೆದು ಮನೆಗೆ ಕಳಿಸಿದ್ದರು. ಚನಬಸವ್ವ ಹೆಬ್ಬೆಟ್ಟು ಒತ್ತಿದ್ದಳು.

ಅಚ್ಚು ಹಾಕಿಸಿದ ಪುಣ್ಯಾತ್ಮರಿಗೆ ಸೈಟಿನ ನೀರಿನ ಟ್ಯಾಂಕರ್ ಎಷ್ಟು ಗಂಟೆಗೆ ಬರುತ್ತದೆಂದು ಗೊತ್ತಿತ್ತೇ? ಆರೂವರೆಗೂ ಬರುತ್ತದೆ, ಏಳೂ ಕಾಲಿಗೂ ಬರುತ್ತದೆ, ಅದು ಡ್ರೈವರನ ಮರ್ಜಿ. ಕೊಡ ಹಿಡಿದು ಪಾಳಿಯಲ್ಲಿ ನಿಂತವರಿಗೆ ನೀರು, ಉಳಿದವರಿಗೆ ಆ ದಿನವೆಲ್ಲ ಒಣ ಬಾಯಿ. ಏಳಕ್ಕೆ ಅವ್ವ ಅಪ್ಪ ಇಬ್ಬರೂ ಮುಕಾದಮನ ಮುಂದೆ ನಿಲ್ಲಬೇಕು. ತಂಗಿ ರಂಜನಿಗೆ ಇನ್ನೂ ತುಂಬಿದ ಕೊಡ ಎತ್ತಲು ಬರುವುದಿಲ್ಲ. ಹಾಗಾಗಿ ನೀರು ಉಮಾಶ್ರೀಯ ಪಾಲಿಗೆ. ಆರು ಕೊಡ ತುಂಬಿಟ್ಟು, ಒದ್ದೆ ಯೂನಿಫಾರ್ಮಿನಲ್ಲೇ ಒಂದೂವರೆ ಕಿಲೋಮೀಟರ್ ಓಡಿದರೂ ಗೇಟು ಹಾಕಿರುತ್ತಿತ್ತು. ಹೀಗೆ ಲೇಟು ಕೂಡಿ ಕೂಡಿ, ಟ್ಯಾಂಕರ್ ತೀರಾ ತಡವಾದ ದಿನ ಶಾಲೆಯೇ ತಪ್ಪಿ, ಸಂಕ್ರಾಂತಿಯ ಹೊತ್ತಿಗೆ ಆಕೆಯ ಕೈಯಲ್ಲಿ ಉಳಿದದ್ದು ನಾಲ್ಕೇ ದಿನ. ಐದನೇ ದಿನ ತಪ್ಪಿದರೆ ಪರೀಕ್ಷೆ ಇಲ್ಲ, ಎಂಟನೇ ಇಯತ್ತೆ ಇಲ್ಲ. ಪರೀಕ್ಷೆ ಇಲ್ಲದ ಹುಡುಗಿಯ ಕೈಗೆ ಮುಂದೆ ಏನು ಬರುತ್ತದೆಂದು ಚನಬಸವ್ವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಬುಟ್ಟಿ ದಿನಾ ಆಕೆಯ ತಲೆಯ ಮೇಲೇ ಇತ್ತು.

ಅಷ್ಟರಲ್ಲಿ ಉಮಾಶ್ರೀಗೆ ಕಾಮಾಲೆ ಹಿಡಿಯಿತು. ಅದೇ ಟ್ಯಾಂಕರಿನ ನೀರು, ಮತ್ತೇನು! ಕಣ್ಣು ಅರಿಸಿನದ ಹಾಗೆ ಹಳದಿಯಾಯಿತು. ಸರಕಾರಿ ದವಾಖಾನೆಯ ಡಾಕ್ಟರು ಎರಡು ವಾರ ಹಾಸಿಗೆ ಬಿಟ್ಟು ಏಳಬಾರದು ಎಂದರು. ಹುಡುಗಿ ತಗಡಿನ ಶೆಡ್ಡಿನಲ್ಲಿ ಮಲಗಿಕೊಂಡೇ ಬೆರಳು ಮಡಚಿ ದಿನ ಎಣಿಸಿ ಅತ್ತಳು.

"ಅಳಬ್ಯಾಡ," ಅಂದಳು ಚನಬಸವ್ವ. "ನಿನ್ನ ಬದ್ಲಿ ರಂಜನಿ ಹೋಗ್ತಾಳ."

ಇದೆಂಥ ತಿಳಿಗೇಡಿತನ ಎಂದು ನಗುವವರು ಸ್ವಲ್ಪ ತಡೆಯಿರಿ. ಶಾಲೆಯಲ್ಲೂ ಬದ್ಲಿ ನಡೆಯುತ್ತದೆಂದು ಆಕೆಗೆ ಕಲಿಸಿಕೊಟ್ಟದ್ದು ಆ ಶಾಲೆಯೇ.

ಹೋದ ಸೆಪ್ಟೆಂಬರಿನಲ್ಲಿ ಸಾಹೇಬರೊಬ್ಬರು ಮಕ್ಕಳ ತಲೆ ಎಣಿಸಲು ಬರುವವರಿದ್ದರು. ಮಕ್ಕಳು ಕಡಿಮೆ ಬಿದ್ದರೆ ಒಬ್ಬ ಮಾಸ್ತರರ ಹುದ್ದೆ ಹೋಗುತ್ತಿತ್ತು. ಆ ಬೆಳಿಗ್ಗೆ ಏಳನೆಯ ಇಯತ್ತೆಯ ಉತ್ಕರ್ಷ ಸರ್ ತಾವೇ ಬೈಕು ಹತ್ತಿ ಶೆಡ್ಡುಗಳ ಮುಂದೆ ಬಂದು ನಿಂತಿದ್ದರು. ಕಾರ್ಪೊರೇಶನ್ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಓದುವ ರಂಜನಿಯನ್ನು ಕರೆದೊಯ್ದು, ಎರಡು ಜಡೆ ಹಾಕಿಸಿ, ಏಳನೆಯ ಇಯತ್ತೆಯ ಕೊನೆಯ ಬೆಂಚಿನಲ್ಲಿ ಕೂರಿಸಿದರು. ಪ್ರಿಯಾ ಎಂದು ಕೂಗಿದಾಗ ಎದ್ದು 'ಹಾಜರ್' ಅನ್ನು ಎಂದು ಹೇಳಿಕೊಟ್ಟರು. ಪ್ರಿಯಾ ಎಂಬ ಹುಡುಗಿ ಜೂನ್‌ನಲ್ಲೇ ಶಾಲೆ ಬಿಟ್ಟು, ಅಪ್ಪ ಅವ್ವನ ಜೊತೆ ಗಂಗಾಪುರಕ್ಕೆ ಹೊರಟುಹೋಗಿದ್ದಳು. ಸಂಜೆ ರಂಜನಿ ಬಿಸ್ಕಿಟ್ ಪುಡಿಕೆ ಹಿಡಿದು ಕುಣಿಯುತ್ತ ಬಂದಳು. ಅಂದು ಚನಬಸವ್ವ, ಸಾಲ್ಯಾಗೂ ನಮ್ಮಂಗ ಬದ್ಲಿ ಐತಿ ನೋಡು ಎಂದು ಗಂಡನಿಗೆ ಖುಷಿಯಿಂದಲೇ ಹೇಳಿದ್ದಳು.

ಆದ್ದರಿಂದ ಈಗ ಅಕ್ಕನ ಸ್ಕರ್ಟಿಗೆ ಪಿನ್ನು ಹಾಕಿ, ಅಕ್ಕನ ಚೀಲ ಹೊರಿಸಿ ರಂಜನಿಯನ್ನು ಕಳಿಸಿದಳು. ಕಾರ್ಪೊರೇಶನ್ ಶಾಲೆಯಲ್ಲಿ ಗೇಟು ಹಾಕುವವರಿರಲಿಲ್ಲ, ನಾಲ್ಕು ದಿನ ಹೋಗದಿದ್ದರೆ ಕೇಳುವವರೂ ಇರಲಿಲ್ಲ. ಉತ್ಕರ್ಷ ಸರ್ ಹಾಜರಿ ಕೂಗುವಾಗ ಪಟ್ಟಿಯಿಂದ ತಲೆ ಎತ್ತಿದವರೇ ಅಲ್ಲ. ರಂಜನಿ ಹಾಜರ್ ಅಂದಳು, ಉಮಾಶ್ರೀಯ ಹೆಸರಿನ ಮುಂದೆ ಗುರುತು ಬಿತ್ತು. ಐದು ದಿನ ಹೀಗೇ ನಡೆಯಿತು, ನೀರು ಅಕ್ಕಪಕ್ಕದ ಶೆಡ್ಡಿನವರು ಕೊಟ್ಟಷ್ಟು. ಆರನೆಯ ದಿನ ದಾರಿಯಲ್ಲಿ ಪಿನ್ನು ಬಿಚ್ಚಿಕೊಂಡು ಮಗು ಲೇಟಾಯಿತು. ಲೇಟ್ ಬುಕ್ಕಿನಲ್ಲಿ ಹೆಸರು ಬರೆ ಎಂದಾಗ ಅದು ದುಂಡಗೆ ತನ್ನದೇ ಹೆಸರು ಬರೆಯಿತು.

ಮರುದಿನವೇ ಬುಲಾವ್ ಬಂತು. ಹೆಡ್‌ಮಿಸ್ಟ್ರೆಸ್ ಮೃಣಾಲಿನಿ ಮ್ಯಾಡಂ ಅವರ ಕೋಣೆಯ ಹೊರಗೆ ಚನಬಸವ್ವನನ್ನು ಒಂದು ತಾಸು ನಿಲ್ಲಿಸಿದರು. ಹತ್ತೂವರೆಗೆ ಬನ್ನಿ ಎಂದವರು ಹನ್ನೊಂದೂವರೆಗೆ ಒಳಗೆ ಕರೆದರು. ಅದನ್ನು ಬರೆದುಕೊಳ್ಳುವ ಲೇಟ್ ಬುಕ್ ಎಲ್ಲೂ ಕಾಣಲಿಲ್ಲ.

ಅವ್ವನ ಮಾತನ್ನು ಮರಾಠಿಯಲ್ಲಿ ತಿಳಿಸಿ ಹೇಳಲೆಂದು ಉಮಾಶ್ರೀ ಎದ್ದು ಬಂದಿದ್ದಳು. ನಿಲ್ಲಲೂ ತ್ರಾಣವಿಲ್ಲದೆ ಅವ್ವನ ಸೆರಗು ಹಿಡಿದಿದ್ದಳು. ಕೂತ್ಕೋ ಎಂದು ಯಾರೂ ಅನ್ನಲಿಲ್ಲ. ಉತ್ಕರ್ಷ ಸರ್ ಹಾಜರಿ ಪಟ್ಟಿಯನ್ನು ಎದೆಗವಚಿಕೊಂಡು ಪಕ್ಕದಲ್ಲಿ ನಿಂತಿದ್ದರು.

ಮ್ಯಾಡಂ ಮರಾಠಿಯಲ್ಲಿ ಶುರುಮಾಡಿದರು. ಇದು ಮೋಸ, ಹಾಜರಿ ಪಟ್ಟಿ ಸರಕಾರಿ ಕಾಗದ, ಈ ಸೈಟಿನವರಿಗೆ ಶಿಸ್ತೆಂದರೇನು ಗೊತ್ತಿಲ್ಲ. ಹುಡುಗಿಯ ಹೆಸರು ಹೊಡೆದುಹಾಕುತ್ತೇವೆ, ದಾಖಲೆ ತೆಗೆದುಕೊಂಡು ಹೋಗಿ.

ಸೈಟಿನವರಿಗೆ ಶಿಸ್ತು ಗೊತ್ತಿಲ್ಲವಂತೆ! ಹದಿನೆಂಟು ವರ್ಷ ಏಳಕ್ಕೆ ಏಳಾಗಿ ನಿಂತವಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು.

"ಉಮಾ, ಕೇಳು ಇವರಿಗಿ," ಅಂದಳು. "ಸಪ್ಟೆಂಬರ್‌ದಾಗ ನನ್ನ ಸಣ್ಣ ಮಗಳನ್ನ ಪ್ರಿಯಾ ಅಂತ ಯಾರು ಕುಂದ್ರಸಿದ್ರು? ಅವಾಗ ಇದು ಸರಕಾರಿ ಕಾಗದ ಇದ್ದಿದ್ದಿಲ್ಲೇನು?"

ಉಮಾಶ್ರೀ ಸರ್ ಮುಖ ನೋಡಿದಳು, ಮ್ಯಾಡಂ ಮುಖ ನೋಡಿದಳು, ತಲೆ ತಗ್ಗಿಸಿ, "ಆಯಿ ಮಾಫಿ ಮಾಗತೇ," ಅಂದಳು.

ಚನಬಸವ್ವನಿಗೆ ಮರಾಠಿ ಮಾತಾಡಲು ಅಷ್ಟಕ್ಕಷ್ಟೇ, ಕೇಳಿದರೆ ತಿಳಿಯುತ್ತಿತ್ತು. ಅದರಲ್ಲೂ ಮಾಫಿ ಎಂಬುದು ಯಾವ ಸೈಟಿನಲ್ಲಿ ಕೇಳದ ಮಾತು? ಮಗಳ ಕಡೆಗೆ ಸರಕ್ಕನೆ ತಿರುಗಿದಳು.

"ನಾ ಯಾವಾಗ ಮಾಫಿ ಕೇಳಿದೆ? ಹಾಂ? ನನ್ನ ಬಾಯಾಗ ಇಲ್ಲದ್ದು ನೀ ಯಾಕ ಹಚ್ಚತಿ? ನಾ ಹೇಳಿದ್ದು ಹೇಳು. ಒಂದು ಅಕ್ಷರ ಬಿಡಬ್ಯಾಡ."

"ಅವ್ವಾ, ನಾಂವ್ ಕಾಪತೀಲ್..." ಹೆಸರು ಹೊಡೆಯುತ್ತಾರೆ ಎಂದು ಹುಡುಗಿ ಮರಾಠಿಯಲ್ಲೇ ಅಳತೊಡಗಿದಳು.

"ಹೊಡದ್ರ ಹೊಡೀಲಿ. ಖರೇ ಹೇಳಿ ಹೊಡಸ್ಕೋ. ಹೇಳು!"

ಅಂಗೈಯಿಂದ ಕಣ್ಣೊರೆಸಿಕೊಂಡು ಉಮಾಶ್ರೀ ಹೇಳಿದಳು. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ. ಬೈಕು, ಎರಡು ಜಡೆ, ಕೊನೆಯ ಬೆಂಚು, ಬಿಸ್ಕಿಟ್, ಏನನ್ನೂ ಬಿಡಲಿಲ್ಲ. ಅವ್ವ ಹೇಳಿದ್ದು ಮುಗಿದ ಮೇಲೂ ನಿಲ್ಲಲಿಲ್ಲ. ಅವ್ವನಿಗೆ ಗೊತ್ತಿಲ್ಲದ್ದು ತರಗತಿಯಲ್ಲಿ ಕೂರುವ ಆಕೆಗೆ ಗೊತ್ತಿತ್ತು.

"ಮ್ಯಾಡಂ, ಪ್ರಿಯಾಳ ಹೆಸರು ಈಗಲೂ ಪಟ್ಟಿಯಲ್ಲಿದೆ. ಸರ್ ಅದನ್ನು ಕೂಗುವುದಿಲ್ಲ. ಆದರೆ ದಿನಾ ಹಾಜರ್ ಅಂತ ಗುರುತು ಹಾಕುತ್ತಾರೆ. ಅವಳು ಒಂದು ದಿನವೂ ಲೇಟಾಗಿಲ್ಲ. ನೀವೇ ತೆಗೆದು ನೋಡಿ."

ಮ್ಯಾಡಂ ಕೈ ಚಾಚಿದರು. ಸರ್ ಪಟ್ಟಿಯನ್ನು ಒಮ್ಮೆಗೇ ಕೊಡಲಿಲ್ಲ, ಎರಡನೇ ಸಲ ಕೇಳಿದಾಗ ಕೊಟ್ಟರು. ಮ್ಯಾಡಂ ಜನವರಿ ನೋಡಿದರು, ಹಿಂದೆ ತಿರುವಿ ಡಿಸೆಂಬರ್ ನೋಡಿದರು, ನವೆಂಬರ್ ನೋಡಿದರು.

"ಏನು ಅಂತಾರ?" ಎಂದು ಚನಬಸವ್ವ ಕೇಳಿದಳು.

"ಏನೂ ಅನ್ನವಲ್ಲರು."

"ಹಂಗಾದ್ರ ನಾ ಅಂತೀನಿ. ಇಲ್ಲದ ಹುಡುಗಿ ದಿನಾ ಹಾಜರ್ ಅದಾಳ, ಜಡ್ಡಾಗಿ ಬಿದ್ದ ನನ್ನ ಮಗಳ ಹೆಸರು ಹೊಡೀತೀರಿ? ಬದ್ಲಿ ಕಳಿಸಿದ್ದು ತಪ್ಪು ಅಂದ್ರ ತಪ್ಪು, ನಾ ಒಪ್ಪತೀನ್ರಿ. ನನಗ ಕಲಿಸಿದವರು ಯಾರು ಅಂತ ನೀವೂ ಒಪ್ಪರಿ. ಇಕಾ, ಡಾಕ್ಟರ್ ಚೀಟಿ. ಲೇಟ್ ಎಲ್ಲಾ ಬರದೀರಲ್ಲ, ಇದನ್ನೂ ಬರೀರಿ."

ಚೀಟಿಯನ್ನು ಮೇಜಿನ ಮೇಲೆ ಅಂಗೈಯಿಂದ ಒತ್ತಿ ಇಟ್ಟಳು. ಈ ಸಲ ಉಮಾಶ್ರೀ ಒಂದು ಅಕ್ಷರವನ್ನೂ ಬಿಡಲಿಲ್ಲ.

ಮ್ಯಾಡಂ ಕೊನೆಗೂ ಬಾಯಿ ಬಿಟ್ಟರು. ಹೆಸರು ಇರಲಿ, ಕಾಯಿಲೆಯ ದಿನಗಳನ್ನು ಗೈರುಹಾಜರಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಇನ್ನು ಮೇಲೆ ತಂಗಿಯನ್ನು ಕಳಿಸಬೇಡಿ. ಕ್ಷಮಿಸಿ ಎಂಬ ಒಂದು ಮಾತು ಆ ಬಾಯಿಂದ ಬರಲಿಲ್ಲ. ಬರುತ್ತದೆಂದು ಚನಬಸವ್ವನೂ ಕಾಯಲಿಲ್ಲ. ಮಗಳನ್ನು ತಾನೇ ಕುರ್ಚಿಯ ಮೇಲೆ ಕೂರಿಸಿ, ನೀರು ಕೇಳಿ ಕುಡಿಸಿ, ಆಮೇಲೆ ಕರೆದುಕೊಂಡು ಹೊರಟಳು.

ಪಕ್ಕದ ಶೆಡ್ಡಿನ ಶಬಾನಾ ಎಲ್ಲವನ್ನೂ ಕೇಳಿ ಹೊಟ್ಟೆ ಹಿಡಿದು ನಕ್ಕಳು. ಕೈಕೂಸು ಇದ್ದದ್ದರಿಂದ ಆಕೆ ಈಗ ಕೆಲಸಕ್ಕೆ ಹೋಗುತ್ತಿರಲಿಲ್ಲ. "ಆತು ಬಿಡವ್ವ, ನೀರಿಗಿ ಇನ್ನ ಆಕಿ ಬದ್ಲಿ ನಾ ನಿಂದರತೀನಿ. ಇದಕ್ಕ ಯಾವ ಮ್ಯಾಡಂ ಬ್ಯಾಡ ಅಂತಾಳ ನೋಡಮು," ಅಂದಳು.

ಎರಡು ವಾರ ಕಳೆದ ಮೇಲೆ ಉಮಾಶ್ರೀ ಶಾಲೆಗೆ ಹೋದಳು, ಏಳು ಹತ್ತಕ್ಕೇ. ಅಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಚನಬಸವ್ವ ಸಿಮೆಂಟಿನ ಕೈ ತೊಳೆಯುತ್ತಿದ್ದಾಗ ಹುಡುಗಿ ಚೀಲ ಸಮೇತ ಸೈಟಿಗೇ ಬಂದು ನಿಂತಳು.

"ಅವ್ವಾ, ಸರ್ ಇವತ್ತ ಒಂದೊಂದ ಹೆಸರಿಗೂ ಮ್ಯಾಲ ನೋಡಿದ್ರು. ಪ್ರಿಯಾ ಅಂತನೂ ಕೂಗಿದ್ರು. ಯಾರೂ ಏಳಲಿಲ್ಲ. ಗೈರುಹಾಜರ್ ಬರದ್ರು."

"ಮತ್ತ ನಿಂದು?"

"ನಂದು ಹಾಜರ್."

"ಹಾಂ," ಅಂದಳು ಚನಬಸವ್ವ, ಮುಕಾದಮ ತನ್ನ ಹೆಸರು ಕೂಗಿದಾಗ ಅನ್ನುವಷ್ಟೇ ಗಟ್ಟಿಯಾಗಿ. ಬುಟ್ಟಿ ಬೋರಲು ಹಾಕಿ ಮಗಳನ್ನು ಅದರ ಮೇಲೆ ಕೂರಿಸಿ ರೊಟ್ಟಿಯ ಗಂಟು ಬಿಚ್ಚಿದಳು.